ಕಲಬುರಗಿ ಬಿಸಿಲಿನಲ್ಲಿ ಹವಳದ ಅಕ್ವೇರಿಯಂ: ಮೂವರು ಬಲ್ಲವರು ಮೂರು ಮಾತು ಹೇಳಿದ್ದಾರೆ, ಯಾರದನ್ನು ಕೇಳಬೇಕು?

ಆಳಂದ ರಸ್ತೆ (ಕಲಬುರಗಿ)

ಎಲ್ಲರಿಗೂ ಶರಣು. ನಮ್ಮ ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇಟ್ಟು ಹದಿನಾಲ್ಕು ತಿಂಗಳಾಯಿತು. ಎರಡು ಕ್ಲೌನ್ ಮೀನು, ಒಂದು ಕ್ಲೀನರ್ ಸೀಗಡಿ, ಕೆಲವು ಬಸವನಹುಳು, ಮೆದು ಹವಳಗಳಲ್ಲಿ ಜೊವಾಂಥಿಡ್, ಮಶ್ರೂಮ್ ಮತ್ತು ಒಂದು ಲೆದರ್ ಇವೆ. ಚಳಿಗಾಲದಲ್ಲಿ ಎಲ್ಲವೂ ಚೆನ್ನಾಗಿದ್ದವು. ಏಪ್ರಿಲ್ ಎರಡನೆಯ ವಾರದಿಂದ ಮಧ್ಯಾಹ್ನದ ಹೊತ್ತಿಗೆ ನೀರು 30.5 ಡಿಗ್ರಿ ಮುಟ್ಟುತ್ತಿದೆ, ಬೆಳಗಿನ ಜಾವಕ್ಕೆ 27ಕ್ಕೆ ಇಳಿಯುತ್ತಿದೆ. ಲೆದರ್ ಹವಳ ಹತ್ತು ದಿನದಿಂದ ಮುದುಡಿಕೊಂಡೇ ಇದೆ. ಮಶ್ರೂಮ್‌ಗಳ ಬಣ್ಣ ದಿನದಿಂದ ದಿನಕ್ಕೆ ಬಿಳಿಚುತ್ತಿದೆ.

ಮೂವರನ್ನು ಕೇಳಿದೆ. ಮೊದಲನೆಯವರು ಹೈದರಾಬಾದಿನ ಅಂಗಡಿಯವರು, ಇಪ್ಪತ್ತು ವರ್ಷದಿಂದ ಇದೇ ವ್ಯಾಪಾರದಲ್ಲಿದ್ದಾರೆ. ಚಿಲ್ಲರ್ (ಟ್ಯಾಂಕಿನ ನೀರು ತಣಿಸುವ ಯಂತ್ರ) ಕೊಳ್ಳದೆ ಬೇರೆ ದಾರಿಯಿಲ್ಲ, ಅಲ್ಲಿಯವರೆಗೆ ದಿನಕ್ಕೆ ಎರಡು ಲೀಟರ್ ತಣ್ಣನೆಯ ಹೊಸ ಉಪ್ಪುನೀರು ಬದಲಿಸಿ ಎಂದರು. ಎರಡನೆಯವರು ಮುಂಬೈಯಲ್ಲಿ ದೊಡ್ಡ ಟ್ಯಾಂಕ್ ಇಟ್ಟಿರುವ ಅನುಭವಿ ಹವ್ಯಾಸಿ. ಫ್ಯಾನ್ ಇಟ್ಟರೆ ಪ್ರಯೋಜನವಿಲ್ಲ, ಕೋಣೆಗೆ ಏ.ಸಿ. ಹಾಕಿಸಿ ಎಂದರು. ಮೂರನೆಯವರು ಕಡಲ ಜೀವಶಾಸ್ತ್ರ ಓದಿದ ನಮ್ಮ ಸಂಬಂಧಿಕರು. ಹವಳದ ದಿಬ್ಬಗಳಲ್ಲಿ ನೀರು 29 ಡಿಗ್ರಿ ಇರುವುದು ಸಹಜವಾದದ್ದು, ಗಾಬರಿ ಬೇಡ ಎಂದರು.

ಮೂವರೂ ನನಗಿಂತ ಬಲ್ಲವರು, ನನ್ನ ಹಿತ ಬಯಸುವವರೇ. ಆದರೆ ಮೂರು ಮಾತನ್ನೂ ಒಟ್ಟಿಗೆ ನಡೆಸಲು ಬರುವುದಿಲ್ಲ. ನಮ್ಮ ಭಾಗದಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟವರು ಇಂಥ ಸಲಹೆಗಳನ್ನು ಹೇಗೆ ತೂಗಿ ನೋಡುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.

ಹಳೇ ಗುಲಬರ್ಗಾ

ಉಷ್ಣತೆಯ ಮಾತು ಆಮೇಲೆ ಆಡೋಣ. ಲವಣಾಂಶ ಎಷ್ಟಿದೆ, ಯಾವುದರಿಂದ ಅಳೆದಿರಿ, ಆವಿಯಾದ ನೀರಿನ ಜಾಗಕ್ಕೆ ಏನು ಹಾಕುತ್ತಿದ್ದೀರಿ?

ಆಳಂದ ರಸ್ತೆ (ಕಲಬುರಗಿ)

ಈಗಷ್ಟೇ ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿದೆ, 39 ಪಿಪಿಟಿ (ಸಾವಿರ ಪಾಲಿನಲ್ಲಿ 39 ಪಾಲು ಉಪ್ಪು) ತೋರಿಸುತ್ತಿದೆ. ಕಳೆದ ತಿಂಗಳು 35 ಇತ್ತು. ದಿನಕ್ಕೆ ಸುಮಾರು 2 ಲೀಟರ್ ಆವಿಯಾಗುತ್ತದೆ. ಮೊದಲು ಆರ್‌ಒ ನೀರು ಹಾಕುತ್ತಿದ್ದೆ. ಅಂಗಡಿಯವರು ಹೇಳಿದ ಮೇಲೆ, ಅಂದರೆ 12 ದಿನದಿಂದ, ಆ ಜಾಗಕ್ಕೆ ತಣ್ಣನೆಯ ಹೊಸ ಉಪ್ಪುನೀರನ್ನೇ ಹಾಕುತ್ತಿದ್ದೇನೆ.

ಹಳೇ ಗುಲಬರ್ಗಾ

ಅಲ್ಲಿಯೇ ತಪ್ಪಿದೆ ನೋಡಿ. ಅವರು ಹೇಳಿದ್ದು ಬದಲಿಸಲು, ಎಂದರೆ ಎರಡು ಲೀಟರ್ ಹಳೆಯ ನೀರು ತೆಗೆದು ಎರಡು ಲೀಟರ್ ಹೊಸದು ಹಾಕಲು. ಆವಿಯಾಗಿ ಹೋಗುವುದು ಬರಿಯ ನೀರು, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಅದರ ಮೇಲೆ ನೀವು ದಿನವೂ 70 ಗ್ರಾಂ ಉಪ್ಪು ಸೇರಿಸುತ್ತ ಬಂದಿದ್ದೀರಿ. ಸಲಹೆ ಸರಿಯಾಗಿಯೇ ಇತ್ತು, ಅದು ನಿಮ್ಮ ಕಿವಿಗೆ ಬೀಳುವಾಗ ಅರ್ಥ ಬದಲಾಯಿತು. ಆದರೂ ಅವರದೂ ಒಂದು ಕೊರತೆಯಿದೆ, ಮೂವರದೂ ಇದೆ: ಮೂವರಲ್ಲಿ ಒಬ್ಬರೂ ನಿಮ್ಮ ನೀರಿನ ಲೆಕ್ಕವನ್ನು ಕೇಳಲಿಲ್ಲ. ಹನ್ನೊಂದು ವರ್ಷ ಟ್ಯಾಂಕ್ ಇಟ್ಟ ಮೇಲೆ ನಾನು ಸಲಹೆಗಾರರನ್ನು ಅಳೆಯುವುದು ಹೀಗೆಯೇ. ಉತ್ತರ ಕೊಡುವ ಮುಂಚೆ ಎಷ್ಟು ಪ್ರಶ್ನೆ ಕೇಳಿದರು ಎಂಬುದನ್ನು ಮೊದಲು ನೋಡುತ್ತೇನೆ.

ಲವಣಾಂಶವನ್ನು ಇಂದೇ ಇಳಿಸಲು ಹೋಗಬೇಡಿ. ದಿನಕ್ಕೆ 1 ಪಿಪಿಟಿಗಿಂತ ಹೆಚ್ಚು ಇಳಿಸಿದರೆ ಸೀಗಡಿ ತಾಳುವುದಿಲ್ಲ. ಅದಕ್ಕೂ ಮುಂಚೆ ಮೀಟರನ್ನು ಪರೀಕ್ಷಿಸಿ. 35 ಪಿಪಿಟಿಯ ಮಾನಕ ದ್ರಾವಣ ಸಿಗುತ್ತದೆ, ಅದರಿಂದ ಹೊಂದಿಸಬೇಕು. ಆರ್‌ಒ ನೀರಿನಲ್ಲಿ ಸೊನ್ನೆ ತೋರಿಸಿದ ಮಾತ್ರಕ್ಕೆ 35ರ ಬಳಿಯೂ ಸರಿಯಾಗಿ ತೋರಿಸುತ್ತದೆ ಎನ್ನುವಂತಿಲ್ಲ.

ಮಂಗಳೂರಿನಲ್ಲಿರುವ ಕಲಬುರಗಿಯವ

ಲವಣಾಂಶದ ಮಾತು ಒಪ್ಪಿದೆ. ಆದರೆ ಉಷ್ಣತೆಯ ವಿಷಯದಲ್ಲಿ ಮುಂಬೈಯವರು ಹೇಳಿದ್ದೇ ಸರಿ. ನಾನು ಇಲ್ಲಿ ಎರಡು ವರ್ಷ ಫ್ಯಾನ್ ಇಟ್ಟು ನೋಡಿದ್ದೇನೆ, ಒಂದು ಡಿಗ್ರಿ ಇಳಿದರೆ ಅದೇ ಹೆಚ್ಚು. ಕೊನೆಗೆ ಚಿಲ್ಲರ್ ಕೊಂಡೆ. ಮೊದಲೇ ಕೊಂಡಿದ್ದರೆ ಎರಡು ಹವಳ ಉಳಿಯುತ್ತಿದ್ದವು. ಅಣ್ಣಾರೆ, ಫ್ಯಾನಿಗೆ ದುಡ್ಡು ಹಾಕಬೇಡಿ.

ಭೀಮಾ ದಂಡೆ (ಯಾದಗಿರಿ)

ನಾನು ವಿಜ್ಞಾನದ ಮಾಸ್ತರ್, ಮನೆಯಲ್ಲಿ 120 ಲೀಟರಿನ ಟ್ಯಾಂಕ್ ಇದೆ. ಮಂಗಳೂರಿನ ಗೆಳೆಯರ ಅನುಭವ ನೂರಕ್ಕೆ ನೂರು ನಿಜ. ಆದರೆ ಅದು ಮಂಗಳೂರಿನ ನಿಜ. ಫ್ಯಾನ್ ತಾನಾಗಿ ನೀರನ್ನು ತಣ್ಣಗೆ ಮಾಡುವುದಿಲ್ಲ, ಆವಿಯಾಗುವಿಕೆ ಮಾಡುತ್ತದೆ. ಗಾಳಿ ಎಷ್ಟು ಒಣಗಿದ್ದರೆ ಅಷ್ಟು ಆವಿ, ಅಷ್ಟು ತಂಪು. ಹಸಿ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣತೆಯೇ ಇದರ ಮಿತಿ. ಕರಾವಳಿಯಲ್ಲಿ 32 ಡಿಗ್ರಿ ಸೆಖೆ, ಶೇಕಡಾ 80 ತೇವಾಂಶ ಇದ್ದಾಗ ಆ ಮಿತಿ ಸುಮಾರು 29 ಡಿಗ್ರಿ. ನಮ್ಮಲ್ಲಿ 42 ಡಿಗ್ರಿ ಬಿಸಿಲು, ಶೇಕಡಾ 20 ತೇವಾಂಶ ಇದ್ದಾಗ ಅದೇ ಮಿತಿ ಸುಮಾರು 24 ಡಿಗ್ರಿ. ಬಿಸಿಲು ನಮ್ಮದು ಹತ್ತು ಡಿಗ್ರಿ ಹೆಚ್ಚಾದರೂ ನೀರನ್ನು ತಣಿಸಲು ನಮ್ಮ ಗಾಳಿಯೇ ಮೇಲು. ಕಲಬುರಗಿಯಲ್ಲಿ ಮನೆಮನೆಗೂ ಕೂಲರ್ ಇರುವುದು, ಮಂಗಳೂರಿನಲ್ಲಿ ಕೂಲರ್ ಯಾರೂ ಕೊಳ್ಳದಿರುವುದು ಇದೇ ಕಾರಣಕ್ಕೆ.

ಇನ್ನೊಂದು ಲೆಕ್ಕ ಹೇಳುತ್ತೇನೆ. ಒಂದು ಲೀಟರ್ ನೀರು ಆವಿಯಾಗುವಾಗ ಕೊಂಡೊಯ್ಯುವ ಶಾಖ, 200 ಲೀಟರ್ ನೀರನ್ನು ಸುಮಾರು 3 ಡಿಗ್ರಿ ಇಳಿಸುವಷ್ಟು. ಗೋಡೆಯಿಂದ, ದೀಪದಿಂದ, ಪಂಪಿನಿಂದ ಶಾಖ ಒಳಗೆ ಬರುತ್ತಲೇ ಇರುವುದರಿಂದ ಅಷ್ಟೂ ಇಳಿಯುವುದಿಲ್ಲ. ನನ್ನ ಟ್ಯಾಂಕಿನಲ್ಲಿ ಎರಡು ಸಣ್ಣ ಫ್ಯಾನುಗಳಿಂದ 3 ಡಿಗ್ರಿ ಇಳಿದಿದೆ. ಆದರೆ ಫ್ಯಾನ್ ಹಾಕಿದ ಮೇಲೆ ಆವಿಯಾಗುವ ನೀರು ಎರಡು ಮೂರು ಪಟ್ಟು ಹೆಚ್ಚುತ್ತದೆ. ಆ ಜಾಗಕ್ಕೆ ದಿನವೂ ಆರ್‌ಒ ನೀರು ತುಂಬದಿದ್ದರೆ ಇನ್ನೊಂದು ಕಡೆಯಿಂದ ಅದೇ ಹಾನಿ ಬರುತ್ತದೆ.

ಮಂಗಳೂರಿನಲ್ಲಿರುವ ಕಲಬುರಗಿಯವ

ಮಾಸ್ತರರೆ, ಒಪ್ಪಿದೆ. ನಮ್ಮಪ್ಪ ಕೂಲರಿಗೆ ನೀರು ಹಾಕುತ್ತಿದ್ದುದನ್ನು ನೋಡುತ್ತಲೇ ಬೆಳೆದಿದ್ದೇನೆ, ಈ ಮಾತು ನನಗೆ ಹೊಳೆಯಲಿಲ್ಲ. ಆದರೆ ಮಳೆಗಾಲ ಶುರುವಾದ ಮೇಲೆ ಏನು ಮಾಡುತ್ತೀರಿ?

ಭೀಮಾ ದಂಡೆ (ಯಾದಗಿರಿ)

ಮಳೆ ಹಿಡಿದರೆ ಬಿಸಿಲೂ ಇಳಿಯುತ್ತದೆ. ತೊಂದರೆ ಕೊಡುವುದು ಜೂನ್ ಮೊದಲ ಎರಡು ವಾರ ಮಾತ್ರ, ಮೋಡ ಕವಿದು ಮಳೆ ಬಾರದ ದಿನಗಳು. ಆಗ ದೀಪದ ಹೊತ್ತನ್ನು ಕಡಿಮೆ ಮಾಡಿ, ಆರ್‌ಒ ನೀರಿನ ಮಂಜುಗಡ್ಡೆಯ ಬಾಟಲಿ ಮುಚ್ಚಳ ಬಿಗಿದು ಸಂಪಿನಲ್ಲಿ (ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿಯಲ್ಲಿ) ತೇಲಿಬಿಡುತ್ತೇನೆ.

ಸೇಡಂ ರಸ್ತೆ

ಕೂಲರ್ ಇರುವ ಕೋಣೆಯಲ್ಲೇ ಟ್ಯಾಂಕ್ ಇಟ್ಟರೆ ಸಾಕಲ್ಲವೇ? ಕೋಣೆಯೇ 29ಕ್ಕೆ ಇಳಿಯುತ್ತದೆ.

ಕಾರಂಜಾ (ಬೀದರ್)

ಕೂಲರ್ ಕೋಣೆಯಲ್ಲಿ ಟ್ಯಾಂಕ್ ಎಂದಿಗೂ ಇಡಬಾರದು. ಗಾಳಿ ತೇವವಾಗಿ ಫ್ಯಾನ್ ಕೆಲಸವೇ ಮಾಡುವುದಿಲ್ಲ. ಒಮ್ಮೆ ಹಾಗೆ ಮಾಡಿ ಕೆಟ್ಟಿದ್ದೇನೆ.

ಭೀಮಾ ದಂಡೆ (ಯಾದಗಿರಿ)

ಇಬ್ಬರದೂ ಅರ್ಧ ಸರಿ. ಕಿಟಕಿ ತೆರೆದಿಟ್ಟು ಕೂಲರ್ ಓಡಿಸಿದರೆ ಗಾಳಿ ತೇವವಾದರೂ ತಣ್ಣಗಾಗಿರುತ್ತದೆ, ಹಸಿ ಬಟ್ಟೆಯ ಮಿತಿ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಟ್ಯಾಂಕಿಗೆ ನಷ್ಟವಿಲ್ಲ. ಕಿಟಕಿ ಬಾಗಿಲು ಮುಚ್ಚಿ ಓಡಿಸಿದರೆ ತೇವ ಹೊರಹೋಗಲು ದಾರಿಯಿಲ್ಲದೆ ಏರುತ್ತ ಹೋಗುತ್ತದೆ, ಆಗ ಕಾರಂಜಾ ಅವರು ಹೇಳಿದಂತೆಯೇ ಆಗುತ್ತದೆ. ನೀವು ಕಿಟಕಿ ಮುಚ್ಚಿದ್ದಿರಾ?

ಕಾರಂಜಾ (ಬೀದರ್)

ಹೌದು, ಧೂಳು ಬರುತ್ತದೆಂದು ಮುಚ್ಚಿದ್ದೆ. ಸರಿ, ಅದನ್ನು ಬಿಡೋಣ. ನನ್ನ ಮುಖ್ಯ ತಕರಾರು ಬೇರೆಯದು. ಅಂಗಡಿಯವರನ್ನು ತಜ್ಞರೆಂದು ಕರೆಯುವುದನ್ನು ಮೊದಲು ಬಿಡಬೇಕು. ಚಿಲ್ಲರ್ ಮಾರುವವರು ಚಿಲ್ಲರ್ ಬೇಕು ಎನ್ನದೆ ಇನ್ನೇನು ಹೇಳುತ್ತಾರೆ? ನನಗೊಬ್ಬರು ಮೀನಿನ ಮೈಮೇಲೆ ಬಿಳಿ ಚುಕ್ಕೆ ಕಂಡಾಗ ತಾಮ್ರದ ಔಷಧಿ ಕೊಟ್ಟು ಟ್ಯಾಂಕಿಗೇ ಹಾಕಲು ಹೇಳಿದರು. ಮೀನು ಉಳಿದವು. ಎರಡು ದಿನದಲ್ಲಿ ಸೀಗಡಿ, ಬಸವನಹುಳು, ಹವಳ ಎಲ್ಲ ಸತ್ತವು. ಬೆನ್ನುಮೂಳೆಯಿಲ್ಲದ ಜೀವಿಗಳಿಗೆ ತಾಮ್ರ ವಿಷವೆಂದು ಆಮೇಲೆ ತಿಳಿಯಿತು. ಮೀನುಗಳನ್ನು ಬೇರೆ ಟ್ಯಾಂಕಿಗೆ ಸಾಗಿಸಿ ಅಲ್ಲಿ ಔಷಧಿ ಕೊಟ್ಟು, ಮುಖ್ಯ ಟ್ಯಾಂಕಿನಲ್ಲಿ ಹತ್ತು ಹನ್ನೊಂದು ವಾರ ಮೀನಿಲ್ಲದಂತೆ ಬಿಡಬೇಕಿತ್ತು, ಆಗ ರೋಗದ ಪರಾವಲಂಬಿ ಆಸರೆಯಿಲ್ಲದೆ ಸಾಯುತ್ತಿತ್ತು. ಹಾಗೆ ಹೇಳಿದ್ದರೆ ಅವರಿಗೆ ವ್ಯಾಪಾರವಾಗುತ್ತಿರಲಿಲ್ಲ.

ಹಳೇ ಗುಲಬರ್ಗಾ

ನಿಮ್ಮ ನಷ್ಟ ಕೇಳಿ ನೋವಾಯಿತು, ಆದರೆ ಅಂಗಡಿಯವರೆಲ್ಲರನ್ನೂ ಒಂದೇ ತಕ್ಕಡಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಣ್ಣಿಗೆ ಬಿದ್ದಿರುವುದು ಒಂದು ಟ್ಯಾಂಕ್, ಎರಡು ಟ್ಯಾಂಕ್. ಒಳ್ಳೆಯ ಅಂಗಡಿಯವರು ನೂರು ಟ್ಯಾಂಕ್ ಕೆಟ್ಟದ್ದನ್ನು ನೋಡಿರುತ್ತಾರೆ. ನಾನು ಮೊದಲ ವರ್ಷ 150 ಲೀಟರಿನ ಟ್ಯಾಂಕಿಗೆ ನೀಲಿ ಟ್ಯಾಂಗ್ ಮೀನು ಕೇಳಿದಾಗ ಒಬ್ಬರು ಕೊಡಲೇ ಇಲ್ಲ. ಇದು ಬೆಳೆದರೆ ಒಂದು ಅಡಿಯಾಗುತ್ತದೆ, ಅಷ್ಟು ಜಾಗದಲ್ಲಿ ಬಾಳುವುದಿಲ್ಲ ಎಂದು ಹಣ ಹಿಂದಿರುಗಿಸಿದರು. ತಮಗೆ ನಷ್ಟವಾದರೂ ಹೇಳಿದ ಆ ಮಾತಿನ ಬಲದ ಮೇಲೆ ಆಮೇಲಿನ ಹತ್ತು ಮಾತು ನಂಬಿದೆ, ಒಂಬತ್ತು ಸರಿಯಾದವು.

ಸರಿಯಾಗದ ಒಂದನ್ನೂ ಹೇಳುತ್ತೇನೆ. ಹೊಸ ಮೀನು ತಂದಾಗ ಚೀಲ ಬಿಚ್ಚಿ, ಎರಡು ಗಂಟೆ ಹನಿಹನಿಯಾಗಿ ಟ್ಯಾಂಕಿನ ನೀರು ಬಿಡಬೇಕು ಎಂದಿದ್ದರು. ಹೈದರಾಬಾದಿನ ಗಿರಾಕಿಗಳು ಅರ್ಧ ಗಂಟೆಯಲ್ಲಿ ಮನೆ ಸೇರುತ್ತಾರೆ, ಅವರಿಗೆ ಅದು ನಡೆಯುತ್ತದೆ. ನನ್ನ ಚೀಲ 220 ಕಿಲೋಮೀಟರು ಬಸ್ಸಿನಲ್ಲಿ ಬಂದಿತ್ತು. ಅಷ್ಟು ಹೊತ್ತಿನಲ್ಲಿ ಮೀನಿನ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ತುಂಬಿ ನೀರಿನ ಪಿಎಚ್ ಇಳಿದಿರುತ್ತದೆ, ಅಮೋನಿಯವೂ ಸೇರಿರುತ್ತದೆ. ಪಿಎಚ್ ಕಡಿಮೆಯಿರುವಾಗ ಆ ಅಮೋನಿಯ ಹೆಚ್ಚು ಕೇಡು ಮಾಡುವುದಿಲ್ಲ. ಚೀಲ ಬಿಚ್ಚಿ ಗಾಳಿ ಸೋಕಿದೊಡನೆ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯ ವಿಷವಾಗುತ್ತದೆ. ನಾನು ಹನಿ ಬಿಡುತ್ತ ಕೂತ ಎರಡು ಗಂಟೆಯೂ ಮೀನು ಆ ವಿಷದಲ್ಲೇ ಇತ್ತು. ಈಗ ಚೀಲದ ಲವಣಾಂಶ ಎಷ್ಟೆಂದು ಮೊದಲೇ ಫೋನಿನಲ್ಲಿ ಕೇಳಿ, ಬೇರೆ ಬಕೆಟ್ಟಿನಲ್ಲಿ ಅಷ್ಟೇ ಲವಣಾಂಶದ ಶುದ್ಧ ನೀರು ಸಿದ್ಧವಿಟ್ಟು, ಚೀಲ ತೇಲಿಬಿಟ್ಟು ಉಷ್ಣತೆ ಸರಿಹೊಂದಿದ ಮೇಲೆ ಮೀನನ್ನು ನೇರವಾಗಿ ಅದಕ್ಕೆ ಬಿಡುತ್ತೇನೆ.

ಕಾರಂಜಾ (ಬೀದರ್)

ಹಣ ಹಿಂದಿರುಗಿಸುವಂಥವರು ನನಗೆ ಸಿಕ್ಕಿಲ್ಲ. ಸಿಕ್ಕರೆ ನಂಬುತ್ತೇನೆ.

ಬಿದರಿ ಮನೆ (ಬೀದರ್)

ತಾಮ್ರದ ಮಾತು ಬಂದದ್ದರಿಂದ ಬೀದರಿನವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮದು ಬಿದರಿ ಕೆಲಸ ಮಾಡುವ ಮನೆ. ಎರಕದ ಲೋಹವೇ ಸತು ಮತ್ತು ತಾಮ್ರದ್ದು, ಕೆತ್ತನೆಯ ಗೆರೆ ಕಾಣಲೆಂದು ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡಿಕೊಳ್ಳುತ್ತೇವೆ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಎಷ್ಟು ಪುಸ್ತಕ ಓದಿದ ತಜ್ಞರಾದರೂ ಟ್ಯಾಂಕಿಗೆ ಕೈ ಹಾಕುವ ಮುಂಚೆ ನೀವು ಏನು ಮುಟ್ಟಿದ್ದಿರಿ ಎಂದು ನನ್ನನ್ನು ಕೇಳಿರಲಿಲ್ಲ, ಏಕೆಂದರೆ ಅವರಾರೂ ಬಿದರಿ ಮನೆಯಲ್ಲಿ ಟ್ಯಾಂಕ್ ಇಟ್ಟವರಲ್ಲ. ಮೂರು ಸೀಗಡಿ ಸತ್ತ ಮೇಲೆ ನಾನೇ ಯೋಚಿಸಿ ಕಂಡುಕೊಂಡೆ. ಈಗ ಟ್ಯಾಂಕಿನ ಕೆಲಸಕ್ಕೆ ಉದ್ದನೆಯ ಕೈಗವಸು ಇಟ್ಟಿದ್ದೇನೆ, ಬಕೆಟ್, ಚಮಚ, ಪೈಪು ಎಲ್ಲವೂ ಬೇರೆ.

ಇನ್ನೊಂದು ಸಂಗತಿ. ಹೊಸ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಮೀನಿನ ಬದಲು ಅಮೋನಿಯಂ ಕ್ಲೋರೈಡ್ ಹಾಕಬಹುದು ಎಂದು ಒಬ್ಬರು ಹೇಳಿದ್ದರು. ಅದು ಸರಿಯಾದ ಸಲಹೆ. ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಮಾರ್ಪಡಿಸಲು ಕಲಿಯುವ ನಾಲ್ಕರಿಂದ ಆರು ವಾರ ಯಾವ ಮೀನೂ ನರಳಬೇಕಾಗುವುದಿಲ್ಲ. ನಾವು ಬಿದರಿಗೆ ಕೊನೆಯ ಕಪ್ಪು ಬಣ್ಣ ಕೊಡಲು ಕೋಟೆಯ ಮಣ್ಣಿನೊಂದಿಗೆ ಬಳಸುವ ನವಸಾಗರವೂ ಅಮೋನಿಯಂ ಕ್ಲೋರೈಡೇ. ಮನೆಯಲ್ಲೇ ಇದೆಯಲ್ಲ ಎಂದು ಹಾಕಲು ಹೋಗಿದ್ದೆ. ಭೀಮಾ ದಂಡೆಯ ಮಾಸ್ತರರು ತಡೆದರು.

ಭೀಮಾ ದಂಡೆ (ಯಾದಗಿರಿ)

ಹೌದಕ್ಕಾ, ಹೆಸರು ಒಂದೇ ಆದರೂ ಶುದ್ಧತೆ ಬೇರೆ. ಕಾರ್ಖಾನೆಯ ದರ್ಜೆಯ ನವಸಾಗರದಲ್ಲಿ ಲೋಹದ ಕಲ್ಮಷ ಇರಬಹುದು, ಅದರ ಮೇಲೆ ನಿಮ್ಮ ಡಬ್ಬಿ ಕಾರ್ಯಾಗಾರದಲ್ಲೇ ಇತ್ತು.

ಸೇಡಂ ರಸ್ತೆ

ನಮ್ಮ ಕಡೆ ಶಹಾಬಾದ್ ಕಲ್ಲಿಗೆ ಬರವಿಲ್ಲ. ಅದು ಸುಣ್ಣದ ಕಲ್ಲು, ಹವಳವೂ ಸುಣ್ಣದ್ದೇ. ಟ್ಯಾಂಕಿನಲ್ಲಿ ಇಟ್ಟರೆ ಕ್ಯಾಲ್ಸಿಯಂ, ಕ್ಷಾರೀಯತೆ ಎರಡೂ ತಾವಾಗಿ ಸರಿಯಾಗಿರುತ್ತವೆ ಎಂದು ಸಿಹಿನೀರಿನ ಮೀನು ಸಾಕುವ ಹಿರಿಯರೊಬ್ಬರು ಹೇಳಿದ್ದಾರೆ. ಅವರ ಮಾತು ನಂಬಬಹುದೇ?

ಭೀಮಾ ದಂಡೆ (ಯಾದಗಿರಿ)

ಸಿಹಿನೀರಿನಲ್ಲಿ ಅವರ ಮಾತು ನಿಜ. ಪಿಎಚ್ ಕಡಿಮೆಯಿರುವ ನೀರಿನಲ್ಲಿ ಸುಣ್ಣದ ಕಲ್ಲು ನಿಧಾನವಾಗಿ ಕರಗುತ್ತದೆ. ಕಡಲ ನೀರಿನ ಪಿಎಚ್ 8.1ರಿಂದ 8.3, ಅದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಬಹುದಾದ ಮಿತಿಯನ್ನು ಮೀರಿಯೇ ಇರುತ್ತದೆ. ಹಾಗಾಗಿ ಕಲ್ಲು ಕರಗುವುದೇ ಇಲ್ಲ. ಜೇಡಿ ಪದರಗಳಿರುವ ಕಲ್ಲಾದರೆ ಕೆಸರು ಬಿಡುವ ಭಯವೂ ಉಂಟು. ಕ್ಯಾಲ್ಸಿಯಂ ರಿಯಾಕ್ಟರ್ ಎಂಬ ಸಾಧನದಲ್ಲಿ ಹವಳದ ಚೂರುಗಳನ್ನು ಕರಗಿಸುತ್ತಾರೆ, ಆದರೆ ಅಲ್ಲಿ ಇಂಗಾಲದ ಡೈಆಕ್ಸೈಡ್ ಹಾಯಿಸಿ ಪಿಎಚ್ಅನ್ನು 6.5ರ ಆಸುಪಾಸಿಗೆ ಇಳಿಸಿರುತ್ತಾರೆ.

ಸುಣ್ಣವೇ ಬೇಕೆಂದರೆ ಸುಣ್ಣದ ತಿಳಿನೀರು ಇದೆ. ಜರ್ಮನರು ಕಾಲ್ಕ್‌ವಾಸರ್ ಎಂದು ಕರೆಯುವುದು ಇದನ್ನೇ, ಕಲ್ಲು ಹವಳ ಸಾಕುವವರು ಇಂದಿಗೂ ಬಳಸುತ್ತಾರೆ. ಒಂದು ಲೀಟರ್ ಆರ್‌ಒ ನೀರಿನಲ್ಲಿ ಒಂದೂವರೆ ಗ್ರಾಮಿನಷ್ಟೇ ಕರಗುತ್ತದೆ, ಪಿಎಚ್ 12ನ್ನು ಮೀರುತ್ತದೆ. ಅದನ್ನು ರಾತ್ರಿಯಿಡೀ ಹನಿಯಾಗಿ ಬಿಡಬೇಕು, ಒಮ್ಮೆಲೇ ಸುರಿದರೆ ಟ್ಯಾಂಕೇ ಸುಟ್ಟಂತಾಗುತ್ತದೆ. ಎಲೆ ಅಡಿಕೆಯ ಸುಣ್ಣ ಇದಕ್ಕೆ ಬೇಡ, ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತರಬೇಕು. ಆಳಂದ ರಸ್ತೆಯವರ ಟ್ಯಾಂಕಿಗೆ ಇದಾವುದೂ ಬೇಡ. ಮೆದು ಹವಳಗಳು ಕಲ್ಲಿನ ಗೂಡು ಕಟ್ಟುವುದಿಲ್ಲ, ವಾರದ ನೀರು ಬದಲಾವಣೆಯೇ ಸಾಕು.

ಶಹಾಪುರ ಬೆಟ್ಟ

ತಜ್ಞರು ಒಬ್ಬರಿಗೊಬ್ಬರು ವಿರುದ್ಧವಾಗಿ ಹೇಳುವುದು ಇಂದಿನದಲ್ಲ. 1961ರಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್ ಅವರು ಸಮುದ್ರದ ಜೀವಂತ ಕಲ್ಲು (ಬ್ಯಾಕ್ಟೀರಿಯಾ, ಸಣ್ಣ ಜೀವಿಗಳು ನೆಲೆಸಿದ ಕಲ್ಲು) ಮತ್ತು ಗಾಳಿಗುಳ್ಳೆ ಇಷ್ಟರಲ್ಲೇ ಹವಳ ಸಾಕಿ ತೋರಿಸಿದರು. 1980ರ ದಶಕದಲ್ಲಿ ಪ್ಲಾಸ್ಟಿಕ್ ಚೆಂಡುಗಳ ಮೇಲೆ ನೀರು ಹನಿಸುವ ಫಿಲ್ಟರ್ ಇಲ್ಲದೆ ಆಗದು ಎಂದರು. ಸ್ವಲ್ಪ ಕಾಲದಲ್ಲೇ ಅವು ನೈಟ್ರೇಟ್ ಹೆಚ್ಚಿಸುತ್ತವೆಂದು ಅದೇ ಚೆಂಡುಗಳನ್ನು ತೆಗೆಸಿದರು. ಬರ್ಲಿನ್ನಿನವರು ಜೀವಂತ ಕಲ್ಲು, ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್, ಸುಣ್ಣದ ತಿಳಿನೀರು ಎಂದರು. ಮೊನಾಕೊದ ಜಾನ್ ಜೋಬೇರ್ ಅವರು ದಪ್ಪ ಮರಳಿನ ಹಾಸಿನ ಕೆಳಗೆ ನೀರಿನ ಪದರ ಬಿಟ್ಟು ಗೆದ್ದರು. ಫಾಸ್ಫೇಟ್ ಸೊನ್ನೆಗೆ ಇಳಿಸಿ ಎನ್ನುತ್ತಿದ್ದ ಕಾಲವಿತ್ತು. ಸೊನ್ನೆಗೆ ಇಳಿಸಿದ ಟ್ಯಾಂಕುಗಳಲ್ಲಿ ಡೈನೊಫ್ಲ್ಯಾಜೆಲೇಟ್ ಎಂಬ ಕಂದು ಲೋಳೆ ಬಂದು ಹವಳ ಕೆಟ್ಟ ಮೇಲೆ, ಈಗ 0.03ರಿಂದ 0.1 ಪಿಪಿಎಂ ಇರಲಿ ಎನ್ನುತ್ತಾರೆ.

ಇದರಿಂದ ತಜ್ಞರನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಒಬ್ಬರ ಪದ್ಧತಿಯ ಮರಳು, ಇನ್ನೊಬ್ಬರ ಫಿಲ್ಟರ್, ಮತ್ತೊಬ್ಬರ ಔಷಧಿ ಬೆರೆಸಬೇಡಿ ಎನ್ನುತ್ತೇನೆ. ಪ್ರತಿ ಪದ್ಧತಿಯೂ ತನ್ನ ಭಾಗಗಳೆಲ್ಲ ಒಟ್ಟಿಗಿದ್ದಾಗಲೇ ನಡೆಯುತ್ತದೆ.

ಮಂಗಳೂರಿನಲ್ಲಿರುವ ಕಲಬುರಗಿಯವ

ಮೂರನೆಯ ತಜ್ಞರ, ಅಂದರೆ ಜೀವಶಾಸ್ತ್ರ ಓದಿದ ಸಂಬಂಧಿಕರ ಮಾತು ಯಾರೂ ಎತ್ತಲಿಲ್ಲ.

ಶಹಾಪುರ ಬೆಟ್ಟ

ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಕಡಲಿನ ಹವಳ ಆ 29ಕ್ಕೆ ತಿಂಗಳುಗಟ್ಟಲೆ ಹೊಂದಿಕೊಂಡಿರುತ್ತದೆ, ದಿನದೊಳಗಿನ ಏರಿಳಿತ ಅಲ್ಲಿ ಕಡಿಮೆ. ತನಗೆ ಒಗ್ಗಿದ ಬೇಸಿಗೆಯ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಹೆಚ್ಚಾಗಿ ವಾರಗಟ್ಟಲೆ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಆದದ್ದು ಇದೇ. ಇವರ ಟ್ಯಾಂಕ್ ಚಳಿಗಾಲವೆಲ್ಲ ಚೆನ್ನಾಗಿದ್ದು ಈಗ ದಿನಕ್ಕೆ ಮೂರೂವರೆ ಡಿಗ್ರಿ ಏರಿ ಇಳಿಯುತ್ತಿದೆ. ಇಲ್ಲಿ ನೋಡಬೇಕಾದದ್ದು ಆ ಏರಿಳಿತವನ್ನು.

ಕಮಲಾಪುರದ ಓದುಗಿ

ಲೆದರ್ ಹವಳ ಆಗಾಗ ಮೇಣದಂಥ ಪೊರೆ ಬಿಡುವ ಮುಂಚೆ ವಾರಗಟ್ಟಲೆ ಮುದುಡಿರುವುದೂ ಸಹಜ, ಅದೊಂದರಿಂದಲೇ ಗಾಬರಿಯಾಗಬೇಡಿ. ಜೊತೆಗೆ ಇನ್ನೊಂದು ಮಾತು: ಅಂಗಡಿಯಲ್ಲಿ ಯಾರಾದರೂ ಕಲ್ಲು ಹವಳ, ಕಡಲ ಬೀಸಣಿಗೆ, ಕಡಲಕುದುರೆ ಕೊಡುತ್ತೇವೆ ಎಂದರೆ ಎಂಥ ತಜ್ಞರೇ ಆಗಿರಲಿ ಬೇಡವೆನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವುಗಳನ್ನು ರಕ್ಷಿಸಿದೆ. ನಮ್ಮದೇ ನೇತ್ರಾಣಿ ದ್ವೀಪದ ಸುತ್ತ ಇರುವ ಹವಳ ಅಲ್ಲಿಯೇ ಇರಲಿ.

ಸೇಡಂ ರಸ್ತೆ

ಕರೆಂಟು ಹೋದಾಗ ಏನು ಮಾಡುತ್ತೀರಿ ಎಂಬುದನ್ನೂ ಯಾರಾದರೂ ಹೇಳಿ.

ಹಳೇ ಗುಲಬರ್ಗಾ

ಬ್ಯಾಟರಿಯ ಏರ್ ಪಂಪ್ ಮೊದಲು, ಆಮೇಲೆ ಉಳಿದದ್ದು. ಕಡಲ ನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30ರಲ್ಲಿ 6.2 ಮಾತ್ರ. ಬೇಸಿಗೆಯ ರಾತ್ರಿ ನೀರು ಅಲುಗಾಡದೆ ನಿಂತರೆ ಬಿಸಿಗಿಂತ ಮುಂಚೆ ಉಸಿರು ಕಟ್ಟಿ ಮೀನು ಸಾಯುತ್ತವೆ.

ಆಳಂದ ರಸ್ತೆ (ಕಲಬುರಗಿ)

ಒಂಬತ್ತು ದಿನದ ನಂತರ ಬರೆಯುತ್ತಿದ್ದೇನೆ. ಮಾನಕ ದ್ರಾವಣ ತರಿಸಿ ನೋಡಿದರೆ ನನ್ನ ರಿಫ್ರ್ಯಾಕ್ಟೋಮೀಟರ್ 35ನ್ನು 36 ಎಂದು ತೋರಿಸಿತು. ಅಂದರೆ 39 ಎಂದು ಕಂಡದ್ದು ನಿಜಕ್ಕೆ 38. ದಿನಕ್ಕೆ ನಾಲ್ಕು ಲೀಟರಿನಂತೆ ನಾಲ್ಕು ದಿನ ಉಪ್ಪುನೀರು ತೆಗೆದು ಆರ್‌ಒ ನೀರು ಹಾಕಿದೆ, ಈಗ 35ರಲ್ಲಿ ನಿಂತಿದೆ. ಲವಣಾಂಶ ಇಳಿಸುವವರೆಗೆ ಬೇರೇನನ್ನೂ ಬದಲಿಸಲಿಲ್ಲ. ಆಮೇಲೆ ಎರಡು ಫ್ಯಾನ್ ಹಾಕಿದೆ, ಕಿಟಕಿ ತೆರೆದಿಟ್ಟೆ. ನೀರು ಮಧ್ಯಾಹ್ನ 27.8, ಬೆಳಗ್ಗೆ 26.2. ದಿನಕ್ಕೆ 5 ಲೀಟರ್ ಆರ್‌ಒ ನೀರು ಬೇಕಾಗುತ್ತಿದೆ, ಬೆಳಗ್ಗೆ ಮತ್ತು ಸಂಜೆ ಎರಡು ಸಲ ಅಳೆದು ಹಾಕುತ್ತಿದ್ದೇನೆ. ಲೆದರ್ ಹವಳ ಮೊನ್ನೆ ರಾತ್ರಿ ಪೊರೆ ಬಿಟ್ಟು ಅರ್ಧದಷ್ಟು ಎಳೆಗಳನ್ನು ಚಾಚಿದೆ. ಮಶ್ರೂಮ್‌ಗಳು ಇನ್ನೂ ಬಿಳಿಚಿಯೇ ಇವೆ.

ಹೈದರಾಬಾದಿನ ಅಂಗಡಿಯವರಿಗೆ ಫೋನ್ ಮಾಡಿ ನಾನು ಮಾಡಿದ ತಪ್ಪನ್ನು ಹೇಳಿದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ. ಕಲಬುರಗಿಯಲ್ಲಿ ತೇವಾಂಶ ಎಷ್ಟಿರುತ್ತದೆ, ನೀರು ಎಷ್ಟು ಆವಿಯಾಗುತ್ತಿದೆ ಎಂದು ಕೇಳಿ ಬರೆದುಕೊಂಡರು, ಜೂನ್ ಮಧ್ಯದವರೆಗೆ ಚಿಲ್ಲರ್ ಕೊಳ್ಳಬೇಡಿ ಎಂದರು.